ಮೇಳದಲ್ಲಿ ಮಾರುವ ‘ಶುದ್ಧ ಗಂಧಕದ ಸೋಪು’: ಮುಖಕ್ಕೆ ಹಚ್ಚುವ ಮೊದಲು ಇದನ್ನು ಓದಿ

ಗಂಧಕದ ಸೋಪೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಮೊದಲೇ ಸ್ಪಷ್ಟ ಮಾಡ್ತೀನಿ. ಮೊಡವೆಗೆ, ಕಜ್ಜಿಗೆ ಗಂಧಕ ಬಹಳ ಹಳೇ ಮದ್ದು, ಮೆಡಿಕಲ್ ಸ್ಟೋರ್‌ನಲ್ಲೂ ಸಿಗುತ್ತೆ. ನನ್ನ ಸಿಟ್ಟು ಇರೋದು ಅದನ್ನ ನನಗೆ ಮಾರಿದ ರೀತಿ ಮೇಲೆ, ಮುಖ ಸುಟ್ಟ ಮೇಲೆ ಕೊಟ್ಟ ಉತ್ತರಗಳ ಮೇಲೆ. ಮದುವೆ ಸೀಸನ್ ಬರ್ತಿದೆ, ಕಲ್ಯಾಣ ಮಂಟಪಗಳಲ್ಲಿ ಮತ್ತೆ ಮಾರಾಟ ಮೇಳ ಶುರುವಾಗಿದೆ, ಅದೇ ಹಳದಿ ಸೋಪು ಮತ್ತೆ ಮೇಜಿನ ಮೇಲೆ ಕೂತಿದೆ. ಅದಕ್ಕೇ ಬರೀತಿದ್ದೀನಿ.

ನನ್ನದು ಎಣ್ಣೆ ಚರ್ಮ. ಹೈಸ್ಕೂಲಿನಿಂದಲೂ ಹೀಗೇ. ಮುಖ ತೊಳ್ಕೊಂಡು ಬಸ್ಸು ಹತ್ತಿದರೆ ಆಫೀಸು ಮುಟ್ಟೋಷ್ಟರಲ್ಲಿ ಹಣೆ, ಮೂಗು ಜಿಡ್ಡು. ಗದ್ದದ ಸುತ್ತ ಮೊಡವೆ, ಮೊಡವೆ ಹೋದ ಜಾಗದಲ್ಲಿ ಕಲೆ. ಇಂಥ ಚರ್ಮ ಇರೋರಿಗೆ ಗೊತ್ತು, ಯಾವ ಮನೆ ಫಂಕ್ಷನ್‌ಗೆ ಹೋದರೂ ಮಾತು ಮುಖದಿಂದಲೇ ಶುರುವಾಗುತ್ತೆ. ‘ಯಾಕಮ್ಮಾ ಹಿಂಗಾಗಿದೆ, ಕಡ್ಲೆಹಿಟ್ಟು ಹಚ್ಚಲ್ವಾ?’ ಚಿಕ್ಕಪ್ಪನ ಮಗಳ ಮದುವೆ ಗೊತ್ತಾಗಿತ್ತು. ಆ ಸಮಯಕ್ಕೆ ತುಮಕೂರಲ್ಲಿ ಮೇಳ ನಡೀತಿತ್ತು, ಅಮ್ಮನ ಜೊತೆ ಹೋಗಿದ್ದೆ.

ಉಪ್ಪಿನಕಾಯಿ, ಸೀರೆ, ಇಮಿಟೇಶನ್ ಜ್ಯುವೆಲ್ಲರಿ ಎಲ್ಲ ದಾಟಿ ಮೂಲೆಯಲ್ಲೊಂದು ಮೇಜು. ಬೆಣ್ಣೆ ಕಾಗದದಲ್ಲಿ ಸುತ್ತಿ ಸೆಣಬಿನ ದಾರ ಕಟ್ಟಿದ ಹಳದಿ ಸೋಪುಗಳು. ನಾನು ಏನೂ ಕೇಳೋ ಮೊದಲೇ ಆ ಹೆಂಗಸು, ‘ಬಾ ಪುಟ್ಟಾ, ಮೊಡವೆಗಾ?’ ಅಂತ ಅಷ್ಟು ಜನರ ಮುಂದೆ ನನ್ನ ಗದ್ದ ಹಿಡಿದು ಮುಖ ತಿರುಗಿಸಿ ನೋಡಿದರು. ತಮ್ಮ ಮಗಳಿಗೂ ಹೀಗೇ ಇತ್ತಂತೆ, ಈಗ ಕನ್ನಡಿ ಥರ ಇದೆಯಂತೆ. ‘ಕೆಮಿಕಲ್ ಒಂದು ಚೂರೂ ಇಲ್ಲ ಪುಟ್ಟಾ. ಶುದ್ಧ ಗಂಧಕ, ಬೇವು, ಅರಿಶಿನ. ನಾನೇ ಮನೇಲಿ ಮಾಡೋದು.’ ಒಂದಕ್ಕೆ 280 ರೂಪಾಯಿ, ಮೂರು ತಗೊಂಡರೆ 750.

ಗಂಧಕ ಎಷ್ಟು ಪರ್ಸೆಂಟ್ ಹಾಕ್ತೀರ ಅಂತ ಕೇಳಿದೆ. ಕೇಳಿದೆ, ಇದು ನೆನಪಿರಲಿ. ‘ಹಂಡ್ರೆಡ್ ಪರ್ಸೆಂಟ್ ಪ್ಯೂರ್’ ಅಂದರು. ನಾನು ಕೇಳಿದ್ದೇನು, ಅವರು ಹೇಳಿದ್ದೇನು!

ಬಳಸೋ ವಿಧಾನನೂ ಅವರೇ ಹೇಳಿಕೊಟ್ಟರು. ದಿನಕ್ಕೆ ಮೂರು ಸಲ. ನೊರೆ ಹಚ್ಚಿ ಒಣಗೋವರೆಗೂ ಬಿಡಬೇಕು. ಭಾನುವಾರ ಸೋಪಿನ ಮೇಲೆ ಅರ್ಧ ಹೋಳು ನಿಂಬೆಹಣ್ಣು ಉಜ್ಜಿ, ಅದನ್ನ ಮುಖಕ್ಕೆ ತಿಕ್ಕಬೇಕು. ಆಮೇಲೆ ಈ ಮಾತು: ‘ಉರಿ ಬಂದರೆ ಹೆದರಬೇಡ. ಉರಿ ಬಂದರೆ ಕೆಲಸ ಮಾಡ್ತಿದೆ ಅಂತಾನೇ ಅರ್ಥ.’

ಇಡೀ ಮೋಸ ಇರೋದು ಆ ಮಾತಲ್ಲಿ. ಉರಿ ಬರುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ನನ್ನ ಬಾಯಿ ಕಟ್ಟಿದರು.

ಮೊದಮೊದಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲ್ಲ. ಮಧ್ಯಾಹ್ನದವರೆಗೂ ಮುಖ ಜಿಡ್ಡಾಗಲಿಲ್ಲ, ಚಿಕ್ಕ ಮೊಡವೆಗಳು ಒಣಗಿದವು. ಗಂಧಕದ ಗುಣವೇ ಅದು. ಎಣ್ಣೆ ಒಣಗಿಸುತ್ತೆ, ಮೇಲಿನ ಸತ್ತ ಪದರ ಸಡಿಲ ಮಾಡುತ್ತೆ. ಆಮೇಲೆ ಮೂಗಿನ ಪಕ್ಕ, ತುಟಿ ಅಂಚು ಹಪ್ಪಳದ ಹಾಗೆ ಸಿಪ್ಪೆ ಏಳೋಕೆ ಶುರುವಾಯ್ತು. ನಕ್ಕರೆ ಚರ್ಮ ಎಳೆಯುತ್ತೆ. ಬೆವರು ಇಳಿದರೆ ಉರಿ. ಬರೀ ನೀರು ಬಿದ್ದರೂ ಉರಿ. ಕೆನ್ನೆ ಕೆಂಪಗಾಯ್ತು. ಮೊದಲು ಮೊಡವೆ ಬರದೇ ಇದ್ದ ಕೆನ್ನೆ ಅದು!

ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ವಾಯ್ಸ್ ಮೆಸೇಜ್ ಬಂತು, ಎಷ್ಟು ಪ್ರೀತಿಯ ದನಿ: ‘ಅಯ್ಯೋ ಪುಟ್ಟಾ, ಅದು ಪರ್ಜಿಂಗ್. ಒಳಗಿನ ಕೊಳೆಯೆಲ್ಲ ಹೊರಗೆ ಬರ್ತಿದೆ. ಈಗ ನಿಲ್ಲಿಸಿದರೆ ಎಲ್ಲ ವೇಸ್ಟ್ ಆಗುತ್ತೆ. ಇನ್ನೂ ಒಂದು ಸಲ ಜಾಸ್ತಿ ಹಚ್ಚು.’

ಜಾಸ್ತಿ ಹಚ್ಚು ಅಂದರು. ಸಿಪ್ಪೆ ಏಳ್ತಿರೋ ಮುಖಕ್ಕೆ ಜಾಸ್ತಿ ಹಚ್ಚು ಅಂದರು!

ಅಷ್ಟರಲ್ಲಿ ನನ್ನ ಬೆಳ್ಳಿ ಉಂಗುರ ಕಪ್ಪಾಯ್ತು. ಅಜ್ಜಿ ಕೊಟ್ಟ ಉಂಗುರ, ಬೆರಳಿಂದ ತೆಗೆಯೋದೇ ಇಲ್ಲ ನಾನು. ಮಸಿ ಬಳಿದ ಹಾಗೆ ಕಪ್ಪು. ಅದರ ಫೋಟೋನೂ ಕಳಿಸಿ ಇದೇನು ಅಂತ ಕೇಳಿದೆ. ಉತ್ತರ: ‘ನೋಡಿದ್ಯಾ ಪುಟ್ಟಾ, ನಿನ್ನ ಮೈಯಲ್ಲಿ ಎಷ್ಟು ಟಾಕ್ಸಿನ್ ಇತ್ತು! ಗಂಧಕ ಹೊರಗೆ ತಳ್ಳುತ್ತೆ, ಬೆಳ್ಳಿ ಎಳ್ಕೊಳ್ಳುತ್ತೆ.’ ಮಾರನೇ ದಿನ ನೋಡಿದರೆ ನನ್ನ ಕೈ, ನನ್ನ ಉಂಗುರ ಅವರ ವಾಟ್ಸಾಪ್ ಸ್ಟೇಟಸ್‌ನಲ್ಲಿ! ‘ಕಸ್ಟಮರ್ ರಿಸಲ್ಟ್, ವಿಷ ಹೊರಗೆ ಬರುವುದನ್ನು ಕಣ್ಣಾರೆ ನೋಡಿ’ ಅಂತ ಬರೆದಿದ್ದರು, ಕೆಳಗೆ ಸೋಪಿನ ರೇಟು. ನನ್ನನ್ನ ಒಂದು ಮಾತು ಕೇಳಿರಲಿಲ್ಲ.

ಆ ಭಾನುವಾರ ಅಕ್ಕ ಮನೆಗೆ ಬಂದಳು. ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತಾಳೆ. ಉಂಗುರದ ವಿಷಯ ಕೇಳಿದವಳೇ ಏನೂ ಮಾತಾಡದೆ ಬಚ್ಚಲಿಂದ ಸೋಪು ತಂದಳು. ಬೀರುವಿನಲ್ಲಿದ್ದ ತುಂಡಾದ ಹಳೇ ಗೆಜ್ಜೆ ತಂದು, ಅದಕ್ಕೆ ಒದ್ದೆ ಸೋಪು ತಿಕ್ಕಿ ಅಡುಗೆಮನೆ ಕಟ್ಟೆ ಮೇಲೆ ಇಟ್ಟಳು. ಕಾಫಿ ಕುಡಿದ್ವಿ, ಊಟ ಆಯ್ತು, ಅಮ್ಮ ಪಾತ್ರೆ ತೊಳೆದಿಟ್ಟರು. ಸಂಜೆ ಹೋಗಿ ನೋಡಿದರೆ ಗೆಜ್ಜೆ ಕಪ್ಪು. ‘ಈ ಗೆಜ್ಜೆ ಯಾರ ಮೈಯಿಂದ ವಿಷ ಎಳ್ಕೊಂಡಿತು ಹೇಳು?’ ಅಂದಳು.

ನನಗೆ ಮಾತೇ ಹೊರಡಲಿಲ್ಲ. ಕಟ್ಟೆ ಮುಂದೆ ನಿಂತೇ ಇದ್ದೆ. ಅಮ್ಮನೂ ನೋಡ್ತಾ ನಿಂತಿದ್ದರು, ಆ ಸೋಪಿಗೆ ದುಡ್ಡು ಕೊಟ್ಟಿದ್ದು ಅವರು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂತು, ಅಳುನೂ ಬಂತು. ಬೆಳ್ಳಿಗೆ ಗಂಧಕ ಸೋಕಿದರೆ ಸಿಲ್ವರ್ ಸಲ್ಫೈಡ್ ಆಗಿ ಕಪ್ಪಾಗುತ್ತೆ, ಅಷ್ಟೇ. ಬೆಳ್ಳಿ ಚಮಚ ಮೊಟ್ಟೆಗೆ ತಾಗಿದರೂ ಹಾಗೇ ಆಗುತ್ತೆ. ಇದರಲ್ಲಿ ನನ್ನ ಮೈಯ ವಿಷ ಎಲ್ಲಿಂದ ಬಂತು? ಇಷ್ಟು ಸಣ್ಣ ವಿಷಯ ಹಿಡ್ಕೊಂಡು ನನ್ನ ಮೈಯಲ್ಲೇ ವಿಷ ಇದೆ ಅಂತ ನನ್ನನ್ನ ನಂಬಿಸಿ, ಅದನ್ನ ಊರಿಗೆಲ್ಲ ತೋರಿಸಿ ವ್ಯಾಪಾರ ಮಾಡಿದರು.

‘ಕೆಮಿಕಲ್ ಇಲ್ಲ’ ಅನ್ನೋದನ್ನೂ ಅಕ್ಕನೇ ಬಿಡಿಸಿ ಹೇಳಿದಳು. ಕಾಸ್ಟಿಕ್ ಸೋಡಾ ಥರದ ಕ್ಷಾರ ಇಲ್ಲದೆ ಸೋಪು ಆಗೋದೇ ಇಲ್ಲ. ಕ್ಷಾರಕ್ಕೂ ಎಣ್ಣೆಗೂ ಪೂರ್ತಿ ಕ್ರಿಯೆ ನಡೆದರೇನೇ ಸೋಪು. ಅಳತೆ ತಪ್ಪಿ ಕ್ಷಾರ ಉಳಿದರೆ ಚರ್ಮ ಸುಡುತ್ತೆ. ಕೈಯಲ್ಲಿ ಮಾಡೋರು ಸರಿಯಾಗಿ ಮಾಡಿದರೆ ನಾಲ್ಕರಿಂದ ಆರು ವಾರ ಹದಕ್ಕೆ ಬಿಡ್ತಾರಂತೆ. ಸರಿಯಾದ ಸೋಪಿನ ಪಿಎಚ್ (ಆಮ್ಲ, ಕ್ಷಾರದ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) ಕೂಡ 9, 10ರ ಹತ್ತಿರ ಇರುತ್ತೆ, ನಮ್ಮ ಚರ್ಮದ್ದು 5ರ ಆಸುಪಾಸು. ಅದನ್ನ ದಿನಕ್ಕೆ ಮೂರು ಸಲ ಹಚ್ಚಿ, ಒಣಗೋವರೆಗೂ ಬಿಡು ಅಂದರೆ ಚರ್ಮ ಏನಾಗಬೇಕು?

ಅವತ್ತೇ ರಾತ್ರಿ ಮೆಸೇಜ್ ಮಾಡಿದೆ. ನನ್ನ ಫೋಟೋ ತೆಗೀರಿ, ಒಡೆಯದೆ ಇಟ್ಟಿರೋ ಎರಡು ಸೋಪು ವಾಪಸ್ ತಗೊಳ್ಳಿ, ಗಂಧಕ ಎಷ್ಟು ಹಾಕಿದ್ದೀರ ಹೇಳಿ ಅಂತ ಮರ್ಯಾದೆಯಿಂದಲೇ ಕೇಳಿದೆ. ಅಲ್ಲಿಯವರೆಗೆ ಪುಟ್ಟಾ ಆಗಿದ್ದವಳು ಒಂದೇ ಏಟಿಗೆ ಮೇಡಂ ಆಗಿಬಿಟ್ಟೆ. ಬಂದ ಉತ್ತರಗಳನ್ನ ಹಾಗೇ ಹಾಕ್ತೀನಿ, ಸ್ಕ್ರೀನ್‌ಶಾಟ್ ಎಲ್ಲ ಇದೆ.

‘ಮೇಡಂ ನಮ್ಮ ಸೋಪು ನೂರಾರು ಜನ ಬಳಸ್ತಿದ್ದಾರೆ, ಯಾರಿಗೂ ಏನೂ ಆಗಿಲ್ಲ.’

‘ನೀವು ನೀರು ಸರಿಯಾಗಿ ಕುಡಿತಿಲ್ಲ ಅನ್ಸುತ್ತೆ.’

‘ನಿಮ್ಮ ಪೀರಿಯಡ್ಸ್ ರೆಗ್ಯುಲರ್ ಇದೆಯಾ? ಮೊದಲು ಅದನ್ನ ಸರಿ ಮಾಡ್ಕೊಳ್ಳಿ.’

ಇದನ್ನ ಓದಿ ಮೈ ಉರಿದುಹೋಯ್ತು. ಸೋಪಿನ ಬಗ್ಗೆ ಕೇಳಿದರೆ ನನ್ನ ಪೀರಿಯಡ್ಸ್ ವಿಷಯ! ಗಂಧಕದ ಪ್ರಮಾಣ ಮತ್ತೆ ಕೇಳಿದೆ. ‘3 ಪರ್ಸೆಂಟ್’ ಅಂದರು. ಹತ್ತು ನಿಮಿಷ ಬಿಟ್ಟು ‘10 ಇರಬಹುದು, ಬ್ಯಾಚ್ ಮೇಲೆ ಹೋಗುತ್ತೆ’ ಅಂದರು. ಇರಬಹುದಂತೆ. ಲೈಸೆನ್ಸ್ ನಂಬರ್ ಕೇಳಿದೆ. ‘ಮನೇಲಿ ಮಾಡೋದಕ್ಕೆ ಯಾವ ಲೈಸೆನ್ಸ್ ಮೇಡಂ?’ ಕೊನೆಗೆ: ‘ಒಬ್ಬ ಹೆಣ್ಣುಮಗಳು ಕಷ್ಟಪಟ್ಟು ದುಡಿಯೋದನ್ನ ಇನ್ನೊಬ್ಬ ಹೆಣ್ಣುಮಗಳೇ ಸಹಿಸಲ್ಲ ಅನ್ನೋದಕ್ಕೆ ನೀವೇ ಸಾಕ್ಷಿ.’ ಆಮೇಲೆ ಬ್ಲಾಕ್. ದುಡ್ಡೂ ಇಲ್ಲ, ಉತ್ತರಾನೂ ಇಲ್ಲ.

ಮನೆಯಲ್ಲೇ ಮಾಡಿ ಪ್ರಾಮಾಣಿಕವಾಗಿ ಮಾರೋ ಎಷ್ಟೋ ಹೆಂಗಸರನ್ನ ನಾನೇ ನೋಡಿದ್ದೀನಿ, ಅವರ ಹತ್ತಿರ ಈಗಲೂ ತಗೊಳ್ತೀನಿ. ಅವರ ಹೆಸರಿನ ಹಿಂದೆ ಇವರು ಬಚ್ಚಿಟ್ಟುಕೊಳ್ಳೋದೇ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸಿದ್ದು.

ಚರ್ಮದ ಡಾಕ್ಟರು ಮುಖ ನೋಡಿದ ತಕ್ಷಣ ಕೇಳಿದ್ದು ‘ಏನು ಹಚ್ಚಿದ್ರಿ?’ ಅಂತ. ಪರ್ಜಿಂಗ್ ಗಿರ್ಜಿಂಗ್ ಏನೂ ಅಲ್ಲ, ಚರ್ಮದ ಮೇಲಿನ ಕಾಪು ಕಿತ್ತುಹೋಗಿ ಉರಿಯೂತ ಆಗಿದೆ ಅಂದರು. ಗಂಧಕಕ್ಕೂ ಒಂದು ಮಿತಿ ಇದೆ. ಅಮೆರಿಕದಲ್ಲಿ ಚೀಟಿ ಇಲ್ಲದೆ ಸಿಗೋ ಮೊಡವೆ ಔಷಧಿಯಲ್ಲಿ ಅದು 3ರಿಂದ 10 ಪರ್ಸೆಂಟ್ ಒಳಗೇ ಇರಬೇಕಂತೆ. ಅದನ್ನೂ ಮೊದಲು ದಿನಕ್ಕೊಂದು ಸಲ ಶುರು ಮಾಡಿ, ಚರ್ಮ ಒಣಗಿದರೆ ಕಡಿಮೆ ಮಾಡಬೇಕು. ಜಾಸ್ತಿ ಅಲ್ಲ, ಕಡಿಮೆ! ಬೆನ್ಜಾಯಿಲ್ ಪೆರಾಕ್ಸೈಡ್ ಥರದ ಮೊಡವೆ ಕ್ರೀಮ್ ಹಚ್ಚೋರು ಜೊತೆಗೆ ಗಂಧಕವನ್ನೂ ಹಚ್ಚಿದರೆ ಇನ್ನೂ ಒಣಗುತ್ತೆ ಅಂತಲೂ ಹೇಳಿದರು. ನಿಂಬೆಹಣ್ಣಿನ ವಿಷಯ ಹೇಳಿದಾಗ ಪೆನ್ನು ಕೆಳಗಿಟ್ಟುಬಿಟ್ಟರು. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ಬಿದ್ದರೆ ಅದೇ ಒಂದು ಸುಟ್ಟಗಾಯದ ಥರ ಆಗಿ ಕಪ್ಪು ಮಚ್ಚೆ ಉಳಿಯುತ್ತಂತೆ. ನಮ್ಮಂಥ ಗೋಧಿ, ಕಂದು ಬಣ್ಣದ ಚರ್ಮದಲ್ಲಿ ಉರಿಯೂತದ ಕಲೆ ಹೋಗೋಕೆ ತಿಂಗಳುಗಟ್ಟಲೆ ಬೇಕು. ಎಲ್ಲಾ ನಿಲ್ಲಿಸಿ, ಸೌಮ್ಯವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಇಷ್ಟೇ ಬರೆದುಕೊಟ್ಟರು. ಮೊಡವೆ ಔಷಧಿ ಚರ್ಮ ಸುಧಾರಿಸಿದ ಮೇಲೆ.

ಡಾಕ್ಟರ್ ಫೀಸು, ಔಷಧಿ ಎಲ್ಲ ಸೇರಿ ಸೋಪಿಗೆ ಕೊಟ್ಟಿದ್ದಕ್ಕಿಂತ ಎಷ್ಟೋ ಪಟ್ಟು ಆಯ್ತು. ಮದುವೆಯಲ್ಲಿ ಬ್ಯೂಟಿಷಿಯನ್ ನನ್ನ ಮುಖಕ್ಕೆ ಕೈಯೇ ಹಾಕಲಿಲ್ಲ, ‘ಉರಿಯುತ್ತೆ ಮೇಡಂ, ಬೇಡ’ ಅಂದರು. ಆರತಕ್ಷತೆಯಲ್ಲಿ ಫೋಟೋಗೆ ಕರೆದಾಗಲೆಲ್ಲ ಹಿಂದೆ ಹೋಗಿ ನಿಂತೆ. ಚಿಕ್ಕಮ್ಮ ಎಲ್ಲರ ಎದುರು ‘ಏನೋ ಅಲರ್ಜಿ ಪಾಪ’ ಅಂತ ಹೇಳ್ತಾ ಓಡಾಡಿದರು.

ಆ ಬೆಣ್ಣೆ ಕಾಗದವನ್ನ ಆಮೇಲೆ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಹೆಸರು, ಒಂದು ಎಲೆ ಚಿತ್ರ, ಒಂದು ವಾಟ್ಸಾಪ್ ನಂಬರ್. ಬ್ಯಾಚ್ ನಂಬರ್ ಇಲ್ಲ, ತಯಾರಿಸಿದ ದಿನ ಇಲ್ಲ, ವಿಳಾಸ ಇಲ್ಲ, ತೂಕ ಇಲ್ಲ, ಎಂಆರ್‌ಪಿ ಇಲ್ಲ. ಕಿರಾಣಿ ಅಂಗಡಿಯ ಸಾಮಾನ್ಯ ಸೋಪಿನ ಕವರ್ ತಿರುಗಿಸಿ ನೋಡಿ, ಇದೆಲ್ಲ ಇರುತ್ತೆ. ಜೊತೆಗೆ ‘ಎಂ.ಎಲ್.’ ಅಂತ ಲೈಸೆನ್ಸ್ ನಂಬರ್ ಇರುತ್ತೆ, ಟಿಎಫ್‌ಎಂ (ಸೋಪಿನಲ್ಲಿರೋ ಒಟ್ಟು ಕೊಬ್ಬಿನಂಶ) ಇರುತ್ತೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಇವತ್ತಿಗೂ ಇದೆ, 2020ರಲ್ಲಿ ಸೌಂದರ್ಯವರ್ಧಕಗಳಿಗೇ ಬೇರೆ ನಿಯಮ ಬಂದಿದೆ. ಮಾರೋಕೆ ಅಂತ ಮಾಡಿದರೆ ಲೈಸೆನ್ಸ್ ಬೇಕು. ‘ಮನೇಲಿ ಮಾಡೋದಕ್ಕೆ ಯಾವ ಲೈಸೆನ್ಸ್’ ಅನ್ನೋ ಉತ್ತರ ನಿಮಗೂ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಗಂಧಕದ ಸೋಪು ಬೇಕೇ ಬೇಕು ಅಂದರೆ ಕವರ್ ಮೇಲೆ ಪ್ರಮಾಣ ಅಚ್ಚಾಗಿರೋದನ್ನ ಮೆಡಿಕಲ್ ಸ್ಟೋರ್‌ನಲ್ಲಿ ತಗೊಳ್ಳಿ. ಮೊದಲು ಕಿವಿ ಹಿಂದೆಯೋ ಮೊಣಕೈ ಒಳಗೋ ಹಚ್ಚಿ ನೋಡಿ. ಹಚ್ಚಿದ ತಕ್ಷಣ ತೊಳೀರಿ. ಉರಿದರೆ ನಿಲ್ಲಿಸಿ, ಯಾರು ಏನೇ ಹೇಳಲಿ ನಿಲ್ಲಿಸಿ. ನಿಂಬೆಹಣ್ಣು ಮುಖಕ್ಕೆ ಬೇಡವೇ ಬೇಡ. ಬೆಳ್ಳಿ ಒಡವೆ ತೆಗೆದಿಟ್ಟು ತೊಳ್ಕೊಳ್ಳಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ನಾನು ದೂರು ಕೊಟ್ಟಿದ್ದೀನಿ. ಬಿಲ್ ಇದೆಯಾ ಅಂತ ಕೇಳಿದರು, ಮೇಳದಲ್ಲಿ ಯಾರು ಬಿಲ್ ಕೊಡ್ತಾರೆ? ಯುಪಿಐ ಪಾವತಿಯ ಸ್ಕ್ರೀನ್‌ಶಾಟ್, ಚಾಟ್, ಕವರ್ ಫೋಟೋ ಎಲ್ಲ ಕೊಟ್ಟೆ. ನಿಮ್ಮಲ್ಲಿ ಯಾರಾದರೂ ಇಂಥ ಸೋಪು ತಗೊಂಡು ಮುಖ ಹಾಳಾಗಿದ್ದರೆ ದಯವಿಟ್ಟು ಸೋಪು ಎಸೀಬೇಡಿ, ಕಾಗದ ಎಸೀಬೇಡಿ, ಚಾಟ್ ಡಿಲೀಟ್ ಮಾಡಬೇಡಿ. ನೀವೂ ಒಂದು ದೂರು ಕೊಡಿ. ಆ ಎರಡು ಸೋಪು ಸೆಣಬಿನ ದಾರ ಬಿಚ್ಚದೆ ನಮ್ಮನೆಯಲ್ಲೇ ಇದೆ, ಯಾವ ಇಲಾಖೆಯವರು ಕೇಳಿದರೂ ಕೊಡೋಕೆ ನಾನು ತಯಾರಿದ್ದೀನಿ.