ಕಾರ್ಡ್ ಡೇವ್, ಹೋಲೋ ಮೇ, ಆರ್‌ಎಂಇ ಎಡಿಐ-2: ಯಾರಿಗೆ ಯಾವ ಡ್ಯಾಕ್?

ದುಬಾರಿ ಡ್ಯಾಕ್‌ಗಳ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಿಗ್ನಲ್ ಆಗಿಸುವ ಪೆಟ್ಟಿಗೆಗಳ) ಹೋಲಿಕೆ ಹೆಚ್ಚಿನ ಸಲ ಕೆಡುವುದು ಸದ್ದಿನ ಮಟ್ಟದಲ್ಲಿ. ಹೋಲೋ ಆಡಿಯೋದ ಮೇ ತನ್ನ ಎಕ್ಸ್‌ಎಲ್‌ಆರ್ (ಬ್ಯಾಲೆನ್ಸ್ಡ್) ಔಟ್‌ಪುಟ್‌ನಲ್ಲಿ 5.8 ವೋಲ್ಟ್ ಕೊಡುತ್ತದೆ. ಮಾಮೂಲಿ ಬ್ಯಾಲೆನ್ಸ್ಡ್ ಡ್ಯಾಕ್ ಕೊಡುವುದು 4 ವೋಲ್ಟ್. ವ್ಯತ್ಯಾಸ 3.2 ಡೆಸಿಬೆಲ್. ವಾಲ್ಯೂಮ್ ಮುಟ್ಟದೆ ಕೇಬಲ್ ಮಾತ್ರ ಬದಲಿಸಿ ಕೇಳಿದರೆ ಮೇ ಗೆದ್ದೇ ಗೆಲ್ಲುತ್ತದೆ: ಬಾಸ್ ತುಂಬಿಕೊಂಡಂತೆ, ದನಿ ಮುಂದೆ ಬಂದಂತೆ ಅನಿಸುತ್ತದೆ. ಆದ್ದರಿಂದ ಮೊದಲು 200 ಹರ್ಟ್ಜ್ ಸೈನ್ ಟೋನ್ ಸಣ್ಣಗೆ ನುಡಿಸಿ, ಆಂಪ್‌ನ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಮಲ್ಟಿಮೀಟರಿನಿಂದ ಎಸಿ ವೋಲ್ಟೇಜ್ ಅಳೆಯಿರಿ. ಒಂದರಲ್ಲಿ 2.000 ವೋಲ್ಟ್ ಬಂದರೆ ಇನ್ನೊಂದರಲ್ಲಿ 1.977ರಿಂದ 2.023ರ ಒಳಗೆ ಬರಬೇಕು, 0.1 ಡೆಸಿಬೆಲ್ ಎಂದರೆ ಅಷ್ಟೇ. ಪ್ರೋಬ್ ತುದಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ಆಂಪ್ ಶಾರ್ಟ್ ಆದೀತು.

ಹೀಗೆ ಸಮ ಮಾಡಿದ ಮೇಲೆ ಡೇವ್‌ಗೂ ಎಡಿಐ-2ಗೂ ಇರುವ ಅಂತರ ಬಹಳ ಕಿರಿದಾಗುತ್ತದೆ. ಕಣ್ಣು ಮುಚ್ಚಿ ಹೇಳಬಲ್ಲೆ ಎನ್ನುವವರು ಬೇರೊಬ್ಬರ ಕೈಯಲ್ಲಿ ಸ್ವಿಚ್ ಕೊಟ್ಟು ನೋಡಲಿ. ನಿಜವಾಗಿ ಬೇರೆ ಕೇಳಿಸುವುದು ಮೇಯ ಎನ್‌ಓಎಸ್ ಮೋಡ್. ಅದರಲ್ಲಿ ಓವರ್‌ಸ್ಯಾಂಪ್ಲಿಂಗ್ ಫಿಲ್ಟರ್ (ಸ್ಯಾಂಪಲ್‌ಗಳ ನಡುವೆ ಹೊಸವನ್ನು ತುಂಬಿ ನಯಗೊಳಿಸುವ ಹಂತ) ಇಲ್ಲ, ಹಾಗಾಗಿ 44.1 ಕಿಲೋಹರ್ಟ್ಜ್ ಫೈಲ್ ನುಡಿಸಿದಾಗ 10 ಕಿಲೋಹರ್ಟ್ಜ್‌ನಲ್ಲಿ 0.75 ಡೆಸಿಬೆಲ್, 20ರಲ್ಲಿ 3.2 ಡೆಸಿಬೆಲ್ ಇಳಿಕೆಯಾಗುತ್ತದೆ. ಜೊತೆಗೆ 20 ಕಿಲೋಹರ್ಟ್ಜ್ ಸ್ವರದ ನೆರಳು 24.1 ಕಿಲೋಹರ್ಟ್ಜ್‌ನಲ್ಲಿ ಹಾಗೇ ಉಳಿಯುತ್ತದೆ. ಜನ ‘ಅನಲಾಗ್ ಮೃದುತನ’ ಎಂದು ಮೆಚ್ಚುವುದರಲ್ಲಿ ಈ ಇಳಿಕೆಯ ಪಾಲು ದೊಡ್ಡದು. ಮೆಚ್ಚುವುದು ತಪ್ಪಲ್ಲ, ಆದರೆ ಟ್ರೆಬಲ್ ಸ್ವಲ್ಪ ಇಳಿಸಿದರೆ ಬೇರೆ ಡ್ಯಾಕ್‌ನಲ್ಲೂ ಅದರ ಸಮೀಪಕ್ಕೆ ಬರಬಹುದು.

ಮೇ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಎಚ್‌ಕ್ಯೂಪ್ಲೇಯರ್‌ನಂಥ ಸಾಫ್ಟ್‌ವೇರ್ ಜೊತೆಗಿದ್ದಾಗ. ಫಿಲ್ಟರಿಂಗ್ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಬಿಟ್ಟು, 705.6 ಕಿಲೋಹರ್ಟ್ಜ್‌ಗೆ ಏರಿಸಿದ ಪಿಸಿಎಂ (ಮಾಮೂಲಿ ಡಿಜಿಟಲ್ ಸಂಗೀತ) ಅನ್ನು ಎನ್‌ಓಎಸ್ ಮೋಡ್‌ಗೆ ಕಳಿಸಿದರೆ 20 ಕಿಲೋಹರ್ಟ್ಜ್‌ನಲ್ಲಿ ಇಳಿಕೆ 0.01 ಡೆಸಿಬೆಲ್‌ಗೆ ಬಂದು ನಿಲ್ಲುತ್ತದೆ, ನೆರಳುಗಳು ಕಿವಿಗೆ ನಿಲುಕದಷ್ಟು ಮೇಲಕ್ಕೆ ಹೋಗುತ್ತವೆ. ಮೇಯಲ್ಲಿ ಅಂಕಿಗಳನ್ನು ವೋಲ್ಟೇಜ್ ಆಗಿಸುವುದು ರೆಸಿಸ್ಟರುಗಳ ಸಾಲು, ಅಂದರೆ ಆರ್‌ಟುಆರ್ ಏಣಿ. ಅದರ ಕಷ್ಟ ಆ ರೆಸಿಸ್ಟರುಗಳಲ್ಲೇ ಇದೆ. 16 ಬಿಟ್‌ನ ಒಂದು ಮೆಟ್ಟಿಲು ಪೂರ್ಣ ಮಟ್ಟದ 0.0015 ಶೇಕಡಾ, 0.01 ಶೇಕಡಾ ನಿಖರತೆಯ ರೆಸಿಸ್ಟರ್ ಅದಕ್ಕೆ ಸಾಲದು. ಆ ದೋಷ ಸರಿದೂಗಿಸಲು ಮೇಯಲ್ಲಿ ಇನ್ನೊಂದು ಏಣಿಯನ್ನೇ ಸೇರಿಸಿದ್ದಾರೆ. ತಣ್ಣಗಿರುವಾಗಿನ ಅಳತೆಯೂ ಬಿಸಿಯಾದ ಮೇಲಿನ ಅಳತೆಯೂ ಒಂದೇ ಇರಲಿಕ್ಕಿಲ್ಲ, ಆದ್ದರಿಂದ ಹೋಲಿಸುವ ಮುನ್ನ ಒಂದೆರಡು ಗಂಟೆ ಆನ್ ಇಡಿ. ಎಚ್‌ಡಿಎಂಐ ಸಾಕೆಟ್ ಕಂಡು ಟಿವಿ ಜೋಡಿಸಬೇಡಿ, ಅದು ಡಿಜಿಟಲ್ ಸಂಗೀತವನ್ನಷ್ಟೇ ಒಳತರುವ ಐಟುಎಸ್. ಪಿನ್ ಜೋಡಣೆಗೆ ಒಂದೇ ನಿಯಮ ಇಲ್ಲದ್ದರಿಂದ ಎಡ-ಬಲ ಅದಲುಬದಲಾಗುವುದು, ಸದ್ದೇ ಬಾರದಿರುವುದು ಎರಡೂ ಉಂಟು.

2015ರಲ್ಲಿ ಬಂದ ಡೇವ್‌ನಲ್ಲಿ ರೆಡಿಮೇಡ್ ಡ್ಯಾಕ್ ಚಿಪ್ ಇಲ್ಲ. ರಾಬ್ ವಾಟ್ಸ್ ರೂಪಿಸಿದ 1,64,000 ಟ್ಯಾಪ್‌ಗಳ (ಲೆಕ್ಕದ ಹಂತಗಳ) ಫಿಲ್ಟರ್ ಎಫ್‌ಪಿಜಿಎ ಎಂಬ, ಬೇಕಾದಂತೆ ಪ್ರೋಗ್ರಾಂ ಮಾಡಬಲ್ಲ ಚಿಪ್‌ನ ಒಳಗೆ ಓಡುತ್ತದೆ. ಟ್ಯಾಪ್ ಲೆಕ್ಕ ಜಾಹೀರಾತಿಗೆ ಚೆಂದ. ಕೊಳ್ಳಲು ಗಟ್ಟಿ ಕಾರಣ ಅದರ ಹೆಡ್‌ಫೋನ್ ಔಟ್‌ಪುಟ್. ನಡುವೆ ಇನ್ನೊಂದು ಆಂಪ್ ಇಲ್ಲದೆ ನೇರ ಬರುವ ಸದ್ದು ತೀರ ನಿಶ್ಶಬ್ದ ಹಿನ್ನೆಲೆಯದು. ಆದರೆ ಸೂಕ್ಷ್ಮತೆ ಕಡಿಮೆ ಇರುವ ಪ್ಲೇನಾರ್ ಹೆಡ್‌ಫೋನ್‌ಗಳಿಗೆ ಅದರ ಕಸುವು ಸಾಲದು. ಅಂಥವರು ಬೇರೆ ಆಂಪ್ ಇಡಲೇಬೇಕು, ಆಗ ಡೇವ್‌ನ ಮುಖ್ಯ ಲಾಭವೇ ಹೋಯಿತು. ಐಟುಎಸ್ ಇಲ್ಲ. ಮೆನುವಿನ ಪಿಸಿಎಂ, ಡಿಎಸ್‌ಡಿ (ಇನ್ನೊಂದು ಬಗೆಯ ಡಿಜಿಟಲ್ ಸಂಗೀತ) ಆಯ್ಕೆಯನ್ನು ಫೈಲಿಗೆ ತಕ್ಕಂತೆ ನೀವೇ ಬದಲಿಸಬೇಕು.

ಎಡಿಐ-2 ಡ್ಯಾಕ್ ಎಫ್‌ಎಸ್ ಈ ಗುಂಪಿನಲ್ಲಿ ಎಲ್ಲಕ್ಕಿಂತ ಅಗ್ಗ, ಮತ್ತು ಹೆಚ್ಚಿನವರಿಗೆ ಇದೇ ಸಾಕು. ಕಾರಣ ಒಂದೇ: ಐದು ಬ್ಯಾಂಡ್ ಪ್ಯಾರಾಮೆಟ್ರಿಕ್ ಈಕ್ಯೂ, ಅಂದರೆ ಬೇಕಾದ ಫ್ರೀಕ್ವೆನ್ಸಿಯನ್ನಷ್ಟೇ ಆರಿಸಿ ತಗ್ಗಿಸುವ, ಏರಿಸುವ ಸೌಲಭ್ಯ. ಕೋಣೆಯ 45 ಹರ್ಟ್ಜ್ ಗುಡುಗನ್ನು 6 ಡೆಸಿಬೆಲ್, ಕ್ಯೂ (ಎಷ್ಟು ಕಿರಿದಾದ ಪಟ್ಟಿ ಎಂಬ ಅಳತೆ) 5ರಲ್ಲಿ ತಗ್ಗಿಸಿದರೆ ಆಗುವ ಬದಲಾವಣೆಯ ಮುಂದೆ ಮೇಲಿನ ಎರಡು ಪೆಟ್ಟಿಗೆಗಳ ವ್ಯತ್ಯಾಸ ಲೆಕ್ಕಕ್ಕಿಲ್ಲ. ತಗ್ಗಿಸಿ, ಏರಿಸಬೇಡಿ: ವಾಲ್ಯೂಮ್ ಸೊನ್ನೆ ಡೆಸಿಬೆಲ್ ಹತ್ತಿರವಿದ್ದಾಗ ಏರಿಸಿದರೆ ಸದ್ದು ಒಡೆಯುತ್ತದೆ. ವಾಲ್ಯೂಮ್‌ಗೆ ತಕ್ಕಂತೆ ಔಟ್‌ಪುಟ್ ಮಟ್ಟವನ್ನು ತಾನೇ ಬದಲಿಸುವ ಆಟೋ ರೆಫ್ ಲೆವೆಲ್ ಆನ್ ಇಟ್ಟರೆ ಸಣ್ಣ ಸದ್ದಿನಲ್ಲೂ ನಾಯ್ಸ್ ಕೆಳಗೇ ಇರುತ್ತದೆ. 2020ರ ಅಕ್ಟೋಬರ್‌ನಲ್ಲಿ ಎಕೆಎಂ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದ ಮೇಲೆ ಇದರೊಳಗಿನ ಎಕೆಎಂ ಚಿಪ್ ಜಾಗಕ್ಕೆ ಇಎಸ್‌ಎಸ್ ಕಂಪನಿಯದು ಬಂತು. ಹಳೆಯದನ್ನೇ ಹುಡುಕಿ ಹೆಚ್ಚು ಹಣ ಕೊಡುವುದು ದಂಡ.

ಯಾವುದನ್ನೇ ಕೊಂಡರೂ ಕಂಪ್ಯೂಟರಿನಿಂದ ಗುಂಯ್ ಸದ್ದು ಬಂದರೆ ಡ್ಯಾಕ್ ಬೈಯುವ ಮುನ್ನ ಯುಎಸ್‌ಬಿ ಕಿತ್ತು ಆಪ್ಟಿಕಲ್‌ನಲ್ಲಿ ನುಡಿಸಿ ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಯುಎಸ್‌ಬಿಯೇ ಬೇಕೆಂದರೆ ಐಸೊಲೇಟರ್ ಹಾಕಿ, ಆದರೆ ಅದು 480 ಮೆಗಾಬಿಟ್ ವೇಗದ್ದಿರಲಿ. 12 ಮೆಗಾಬಿಟ್‌ನ ಅಗ್ಗದ್ದರಲ್ಲಿ ಹೆಚ್ಚಿನ ರೇಟ್‌ಗಳು ಸಿಗುವುದಿಲ್ಲ, ಕೆಲವೊಮ್ಮೆ ಕಂಪ್ಯೂಟರಿಗೆ ಡ್ಯಾಕ್ ಕಾಣುವುದೇ ಇಲ್ಲ.