ಹದಿಹರೆಯದಲ್ಲಿ ನಾನು ಸೇರಿದ ಮೂರು ಸಾಹಸ ಗುಂಪುಗಳು

ಹದಿಮೂರನೆಯ ವಯಸ್ಸಿನಿಂದ ಹದಿನೇಳರವರೆಗೆ ನಾನು ಒಂದರ ನಂತರ ಒಂದರಂತೆ ಮೂರು ಬಗೆಯ ಹೊರಾಂಗಣ ಸಾಹಸ ಗುಂಪುಗಳಲ್ಲಿದ್ದೆ. ಮೊದಲ ಎರಡು ವರ್ಷ ಸ್ಕೌಟ್ ದಳ, ಆಮೇಲೆ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ ಎಂಬ ಯುವಜನರ ಕಾರ್ಯಕ್ರಮದ ಮೊದಲ ಹಂತವಾದ ಕಂಚು, ಕೊನೆಗೆ ಒಂದು ಶಿಲಾರೋಹಣ ಕ್ಲಬ್. ಮಕ್ಕಳನ್ನು ಯಾವುದಕ್ಕೆ ಸೇರಿಸಬೇಕೆಂದು ಕೇಳುವವರು ಸಾಮಾನ್ಯವಾಗಿ ಸುರಕ್ಷತೆ, ಸಮಯ ಮತ್ತು ಖರ್ಚನ್ನು ವಿಚಾರಿಸುತ್ತಾರೆ. ಅವೆಲ್ಲ ಅಗತ್ಯವೇ ಆದರೂ, ಮೂರನ್ನೂ ಕಂಡ ಮೇಲೆ ನಾನು ಮೊದಲು ನೋಡುವುದು ಬಯಲಿಗೆ ಹೋದಾಗ ಅಲ್ಲಿನ ನಿರ್ಧಾರಗಳನ್ನು ಹಿರಿಯರು ಮಾಡುತ್ತಾರೋ ಮಕ್ಕಳೇ ಮಾಡುತ್ತಾರೋ ಎಂಬುದನ್ನು.

ಸ್ಕೌಟ್ ಪದ್ಧತಿಯ ಜೀವಾಳವೆಂದರೆ ಪೆಟ್ರೋಲ್, ಅಂದರೆ ಆರರಿಂದ ಎಂಟು ಮಂದಿಯ ಸಣ್ಣ ಗುಂಪು. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಸುಮಾರು ಇಪ್ಪತ್ತು ಹುಡುಗರೊಂದಿಗೆ ನಡೆಸಿದ ಪ್ರಾಯೋಗಿಕ ಶಿಬಿರದಲ್ಲಿಯೇ ಅವರನ್ನು ನಾಲ್ಕು ಪೆಟ್ರೋಲ್‌ಗಳಾಗಿ ಹಂಚಿ, ಪ್ರತಿಯೊಂದಕ್ಕೂ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಲಾಗಿತ್ತು. ಈ ಏರ್ಪಾಟಿನ ಬೆಲೆ ನನಗೆ ತಿಳಿದದ್ದು ಒಂದು ಮಳೆಯ ರಾತ್ರಿ. ಶಿಬಿರದ ಬಾಗಿಲಿಗೆ ನಾವು ಕೋಲುಗಳನ್ನು ಅಡ್ಡಲಾಗಿ ಜೋಡಿಸಿ ಕಟ್ಟಿದ್ದ ಕಮಾನು ಬೆಳಗಾಗುವಷ್ಟರಲ್ಲಿ ಓರೆಯಾಗಿತ್ತು. ನನಗಿಂತ ಎರಡೇ ವರ್ಷ ದೊಡ್ಡವರಾಗಿದ್ದ ನಮ್ಮ ಪೆಟ್ರೋಲ್ ಲೀಡರ್ ಬೈಯಲಿಲ್ಲ. ನಾನು ಹಾಕಿದ್ದ ಸ್ಕ್ವೇರ್ ಲ್ಯಾಷಿಂಗನ್ನು, ಅಂದರೆ ಅಡ್ಡಲಾಗಿಟ್ಟ ಎರಡು ಕೋಲುಗಳನ್ನು ಸೇರಿಸುವ ಹಗ್ಗದ ಕಟ್ಟನ್ನು, ಬಿಚ್ಚಿ, ಕೊನೆಯಲ್ಲಿ ಎರಡು ಕೋಲುಗಳ ನಡುವೆ ಹಗ್ಗವನ್ನು ಸುತ್ತಿ ಬಿಗಿಯಬೇಕಾದ ಸುತ್ತುಗಳನ್ನು ನಾನು ಬಿಟ್ಟಿದ್ದುದನ್ನು ತೋರಿಸಿ, ಮತ್ತೆ ನನ್ನಿಂದಲೇ ಕಟ್ಟಿಸಿದರು. ತಾನೂ ಮೊನ್ನೆ ಮೊನ್ನೆ ಅದೇ ತಪ್ಪು ಮಾಡಿ ತಿದ್ದಿಕೊಂಡವರು ಕಲಿಸಿದ್ದು ಕೈಗೆ ಅಂಟುವಷ್ಟು ಗಟ್ಟಿಯಾಗಿ ಬೇರೆ ಯಾವ ಪಾಠವೂ ಅಂಟಲಿಲ್ಲ.

ಆದರೆ ನಮ್ಮ ದಳದಲ್ಲಿ ವರ್ಷದ ಬಹುಪಾಲು ವಾರಗಳು ಸಮವಸ್ತ್ರ, ಸಾಲು, ಬ್ಯಾಡ್ಜ್ ಇವುಗಳಲ್ಲೇ ಕಳೆಯುತ್ತಿದ್ದವು. ಬಯಲಿನಲ್ಲಿ ಮಲಗಿದ ರಾತ್ರಿಗಳು ಎರಡು ವರ್ಷಕ್ಕೆ ಒಂಬತ್ತು. ಶಿಬಿರಗಳ ಜಾಗವನ್ನೂ ದಾರಿಯನ್ನೂ ಹಿರಿಯರೇ ಗೊತ್ತುಮಾಡುತ್ತಿದ್ದರು. ಪೆಟ್ರೋಲ್ ಲೀಡರುಗಳ ಸಭೆಗೆ ನಿಜವಾದ ಅಧಿಕಾರ ಕೊಡುವ ದಳಗಳೂ ಇವೆ, ಅಂಥದ್ದು ಸಿಕ್ಕವರು ಅದನ್ನು ಬಿಡಬಾರದು.

ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ 1956ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. 1953ರ ಎವರೆಸ್ಟ್ ಯಾತ್ರೆಯ ನಾಯಕ ಜಾನ್ ಹಂಟ್ ಅದರ ಮೊದಲ ನಿರ್ದೇಶಕರು. ಈಗ ಅದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಬೇರೆ ಬೇರೆ ಹೆಸರುಗಳಲ್ಲಿದ್ದು, 14ರಿಂದ 24 ವರ್ಷದವರಿಗೆ ತೆರೆದಿದೆ. ಸೇವೆ, ಕೌಶಲ, ದೈಹಿಕ ಚಟುವಟಿಕೆ, ಸಾಹಸ ಪ್ರಯಾಣ ಎಂಬ ನಾಲ್ಕು ಭಾಗಗಳಲ್ಲಿ ಕೊನೆಯದೇ ನಮ್ಮ ವಿಷಯ. ಕಂಚಿನ ಹಂತಕ್ಕೆ ಎರಡು ಹಗಲು ಒಂದು ರಾತ್ರಿ, ಬೆಳ್ಳಿಗೆ ಮೂರು ಹಗಲು ಎರಡು ರಾತ್ರಿ, ಚಿನ್ನಕ್ಕೆ ನಾಲ್ಕು ಹಗಲು ಮೂರು ರಾತ್ರಿ. ನಾಲ್ಕರಿಂದ ಏಳು ಮಂದಿಯ ತಂಡ ತನ್ನ ದಾರಿಯನ್ನು ತಾನೇ ಯೋಜಿಸಿ, ತನ್ನ ಸಾಮಾನನ್ನು ತಾನೇ ಹೊತ್ತು, ಹಿರಿಯರು ಪಕ್ಕದಲ್ಲಿಲ್ಲದೆ ನಡೆಯಬೇಕು. ಮೇಲ್ವಿಚಾರಕರು ದೂರದಲ್ಲಿದ್ದು, ಮೊದಲೇ ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ ಎದುರಾಗುತ್ತಾರೆ.

ನಾವು ಐದು ಮಂದಿ ನಡಿಗೆಗೆ ಬೇಕಾಗುವ ಸಮಯವನ್ನು ಅಂದಾಜಿಸುವ ನೇಸ್ಮಿತ್ ನಿಯಮದ ಮೇಲೆ ಲೆಕ್ಕ ಹಾಕಿದ್ದೆವು. ಸಮತಟ್ಟಿನಲ್ಲಿ ಗಂಟೆಗೆ 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಕಾಗದದ ಮೇಲೆ ಮಧ್ಯಾಹ್ನ ಮೂರಕ್ಕೆ ಡೇರೆ ಹಾಕಬೇಕಿತ್ತು, ತಲುಪಿದಾಗ ಆರು ದಾಟಿತ್ತು. ಬೆನ್ನುಚೀಲದ ಭಾರವನ್ನೂ ತಂಡದ ಅತಿ ನಿಧಾನದ ಹೆಜ್ಜೆಯನ್ನೂ ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದರ ಜೊತೆಗೆ ಒಂದು ಕವಲಿನಲ್ಲಿ ದಿಕ್ಸೂಚಿಯನ್ನು ಅವಸರದಲ್ಲಿ ಓದಿದೆವು. ಐದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ 87 ಮೀಟರ್ ಪಕ್ಕಕ್ಕೆ ಸರಿದಿರುತ್ತೇವೆ, ಕಣಿವೆಯ ಅಂಚಿನಲ್ಲಿ ಅಷ್ಟು ಸಾಕು ಬೇರೆ ಹಳ್ಳವನ್ನು ಹಿಡಿಯಲು. ಆಗ ಐವರೂ ಕೂತು, ನಕಾಶೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳನ್ನು ಎದುರಿನ ಗುಡ್ಡದ ಆಕಾರದೊಂದಿಗೆ ತಾಳೆ ನೋಡಿ, ಕೊನೆಗೆ ಖಚಿತವಾಗಿ ಗೊತ್ತಿದ್ದ ಜಾಗಕ್ಕೆ ಹಿಂದಿರುಗಿದೆವು. ವಾದ ನಡೆಯಿತು, ಒಬ್ಬರ ಕಣ್ಣಲ್ಲಿ ನೀರೂ ಬಂತು. ಆ ನಲವತ್ತು ನಿಮಿಷಗಳಲ್ಲಿ ಕಲಿತದ್ದು ದಳದ ಎರಡು ವರ್ಷಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚೆಂದೇ ಇಂದಿಗೂ ನನ್ನ ಭಾವನೆ.

ಇದರ ಕೊರತೆ ಎಂದರೆ ಪ್ರಯಾಣ ಮುಗಿದೊಡನೆ ಗುಂಪೂ ಮುಗಿಯುತ್ತದೆ. ಉಳಿದ ತಿಂಗಳುಗಳು ಗಂಟೆಗಳನ್ನು ಬರೆದಿಡುವುದರಲ್ಲಿ, ಸಹಿ ಹಾಕಿಸುವುದರಲ್ಲಿ ಹೋಗುತ್ತವೆ. ಸ್ವಂತ ಹುಮ್ಮಸ್ಸಿಲ್ಲದ, ಗೆಳೆಯರ ಬಳಗವಿಲ್ಲದ ಮಗುವಿಗೆ ಇದು ಒಂಟಿ ದಾರಿ.

ಶಿಲಾರೋಹಣ ಕ್ಲಬ್ಬಿನಲ್ಲಿ ಹೊಣೆ ಬೇರೆ ರೂಪದಲ್ಲಿ ಬರುತ್ತದೆ. ಇಲ್ಲಿ ಹದಿನಾರರ ಹುಡುಗಿಯೊಬ್ಬಳ ಜೀವ ಹದಿನಾರರ ಇನ್ನೊಬ್ಬರ ಕೈಯ ಹಗ್ಗದಲ್ಲಿರುತ್ತದೆ. ಏರುವ ಮುನ್ನ ಇಬ್ಬರೂ ಪರಸ್ಪರ ಹಾರ್ನೆಸ್ಸಿನ (ಸೊಂಟಕ್ಕೂ ತೊಡೆಗೂ ಕಟ್ಟುವ ಪಟ್ಟಿಗಳ) ಬಕಲ್, ಹಗ್ಗದ ಫಿಗರ್ ಏಯ್ಟ್ ಗಂಟು, ಕ್ಯಾರಬೈನರ್ ಎಂಬ ಲೋಹದ ಕೊಂಡಿಯ ಬೀಗ ಇವನ್ನು ಮುಟ್ಟಿ ನೋಡಬೇಕು. ಬೀಲೇ ಮಾಡುವವರ, ಅಂದರೆ ಕೆಳಗೆ ನಿಂತು ಏರುವವರ ಹಗ್ಗವನ್ನು ಹಿಡಿದುಕೊಳ್ಳುವವರ, ಬ್ರೇಕ್ ಹಿಡಿಯುವ ಕೈ ಹಗ್ಗವನ್ನು ಎಂದಿಗೂ ಬಿಡಬಾರದು. ವಾರಕ್ಕೆ ಎರಡು ಬಾರಿ ಇದನ್ನು ಮಾಡಿದವರಿಗೆ ಗಮನವೆಂಬುದು ಅಭ್ಯಾಸವೇ ಆಗಿಬಿಡುತ್ತದೆ. ಆದರೂ ನಾನಿದ್ದ ಕ್ಲಬ್ಬಿನಲ್ಲಿ ಮಾತೆಲ್ಲ ಯಾರು ಎಷ್ಟು ಕಠಿಣದ ದಾರಿ ಏರಿದರು ಎಂಬುದರ ಸುತ್ತಲೇ ಇರುತ್ತಿತ್ತು, ಮತ್ತು ಹೊಸಬರ ಗಂಟುಗಳನ್ನು ತರಬೇತುದಾರರು ದೂರದಿಂದಲೇ ನೋಡಿ ತಲೆಯಾಡಿಸಿದ ಒಂದು ಸಂಜೆಯ ಬಳಿಕ ನಾನು ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದೆ.

ರಜೆಯಲ್ಲಿ ಎರಡು ಮೂರು ದಿನ ನಡೆಯುವ ಸಾಹಸ ಶಿಬಿರಕ್ಕೂ ಒಮ್ಮೆ ಹೋಗಿದ್ದೆ. ಹೆಲ್ಮೆಟ್ ತೊಟ್ಟು ಸಾಲಿನಲ್ಲಿ ನಿಂತು ಸರದಿ ಕಾದದ್ದಷ್ಟೇ ನೆನಪು. 1941ರಲ್ಲಿ ಶಿಕ್ಷಣತಜ್ಞ ಕುರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ವೇಲ್ಸಿನ ಅಬರ್‌ಡೋವಿಯಲ್ಲಿ ಆರಂಭಿಸಿದ ಔಟ್‌ವರ್ಡ್ ಬೌಂಡ್ ಎಂಬ ಸಾಹಸ ಶಾಲೆಯ ಮೊದಮೊದಲ ಕೋರ್ಸುಗಳು ಸುಮಾರು ಒಂದು ತಿಂಗಳಿನವು ಎಂಬುದನ್ನು ನೆನೆದರೆ, ಎರಡು ದಿನಗಳಲ್ಲಿ ಎಷ್ಟು ಸಾಧ್ಯ ಎಂಬುದು ತಾನೇ ತಿಳಿಯುತ್ತದೆ. ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿಯ ಹಿಂದೆಯೂ ಇದೇ ಹಾನ್ ಅವರ ಪ್ರೇರಣೆ ಇತ್ತು.

ಸಂಕೋಚದ ಸ್ವಭಾವದ, ಹನ್ನೆರಡು ಹದಿಮೂರರ ಮಗುವಿಗೆ ನಾನು ಸ್ಕೌಟ್ ದಳವನ್ನೇ ಹೇಳುತ್ತೇನೆ, ಏಕೆಂದರೆ ಅಲ್ಲಿ ಸೇರಿದ ದಿನವೇ ಏಳು ಮಂದಿ ಜೊತೆಗಾರರು ಸಿಗುತ್ತಾರೆ. ಹದಿನೈದು ದಾಟಿ, ನಂಬಬಹುದಾದ ಮೂರು ಗೆಳೆಯರಿದ್ದರೆ ಪ್ರಶಸ್ತಿ. ಸಾಧ್ಯವಾದರೆ ದಳದಲ್ಲಿದ್ದುಕೊಂಡೇ ಪ್ರಶಸ್ತಿಗೆ ಹೆಸರು ಕೊಡುವುದು ಎಲ್ಲಕ್ಕಿಂತ ಒಳ್ಳೆಯದು, ನಾನು ಹಾಗೆ ಮಾಡಲಿಲ್ಲವೆಂಬ ಕೊರಗು ಇನ್ನೂ ಇದೆ. ಯಾವುದೇ ಗುಂಪಾಗಲಿ, ಸೇರುವ ಮುನ್ನ ಒಂದು ಹೊರಸಂಚಾರವನ್ನು ಹೋಗಿ ನೋಡಬೇಕು. ಪ್ರಥಮ ಚಿಕಿತ್ಸೆ ಬಲ್ಲವರು ಇದ್ದಾರೆಯೇ, ಒಬ್ಬನೇ ಹಿರಿಯ ಒಂದೇ ಮಗುವಿನೊಂದಿಗೆ ಇರಬಾರದೆಂಬ ನಿಯಮವನ್ನು ಪಾಲಿಸುತ್ತಾರೆಯೇ ಎಂದು ಕೇಳಬೇಕು. ಆಮೇಲೆ ಮೊದಲ ಕವಲು ಬಂದಾಗ ನಕಾಶೆಯನ್ನು ಬಿಡಿಸುವವರು ಯಾರೆಂದು ಗಮನಿಸಬೇಕು.