ಲಂಡನ್‌ಗೆ ನೇರವೋ, ದುಬೈ ಬಳಸಿಯೋ?

ಚಿಕ್ಕಬಳ್ಳಾಪುರದವರಾದ ನಮಗೆ ದೇವನಹಳ್ಳಿಯ ವಿಮಾನ ನಿಲ್ದಾಣ ನೆರೆಮನೆಯಿದ್ದಂತೆ. ತಲೆನೋವು ಶುರುವಾಗುವುದು ಟಿಕೆಟ್ ಆರಿಸುವಾಗ.

ನಕ್ಷೆಯಲ್ಲಿ ಅಳೆದರೆ ಬೆಂಗಳೂರಿನಿಂದ ಲಂಡನ್ನಿನ ಹೀಥ್ರೂ ನಿಲ್ದಾಣಕ್ಕೆ ಸುಮಾರು 8,000 ಕಿ.ಮೀ. ದುಬೈ ಮೂಲಕ ಹೋದರೆ ಮೊದಲು 2,700, ಬಳಿಕ 5,500. ಇದನ್ನು ಬಳಸುದಾರಿ ಎನ್ನಲು ನನಗೆ ಮನಸ್ಸಿಲ್ಲ. ದುಬೈ ಹೆಚ್ಚುಕಡಿಮೆ ದಾರಿಯಲ್ಲೇ ಸಿಗುತ್ತದೆ. ಹೊತ್ತು ಪೋಲಾಗುವುದು ನೆಲದ ಮೇಲೆ. ನೇರ ವಿಮಾನ 11 ಗಂಟೆಯ ಆಸುಪಾಸಿನಲ್ಲಿ ಇಳಿಸುತ್ತದೆ. ದುಬೈ ಮಾರ್ಗದಲ್ಲಿ 4 ಗಂಟೆ ಹಾರಿ, ಇಳಿದು, ಮತ್ತೆ ತಪಾಸಣೆಗೆ ನಿಂತು, ಕಾದು, ಇನ್ನೂ 7 ಗಂಟೆಗೂ ಹೆಚ್ಚು ಹಾರಬೇಕು. ಕಾಯುವಿಕೆ 3 ಗಂಟೆಯಾದರೆ ಒಟ್ಟು 14 ದಾಟುತ್ತದೆ.

ಟಿಕೆಟ್ಟಿನಲ್ಲಿರುವ ಸಮಯ ಆಯಾ ಊರಿನದು ಎಂಬುದನ್ನು ಮರೆಯಬೇಡಿ. ಲಂಡನ್ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಪಡುವಣ ಗಾಳಿ ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಹಾಗಾಗಿ ವಾಪಸು ಪಯಣ ಸಾಮಾನ್ಯವಾಗಿ ಚುರುಕು.

ಮೊಮ್ಮಗುವನ್ನು ನೋಡಲು ಹೊರಟ ಅಮ್ಮನಿಗಾದರೆ ನಾನು ನೇರ ವಿಮಾನವನ್ನೇ ಕೊಳ್ಳುತ್ತೇನೆ. ಓದಲು ಹೊರಟ ಹುಡುಗರು ದುಬೈ ದಾರಿ ಅಗ್ಗವಾಗಿ ಸಿಕ್ಕರೆ ಹಿಡಿಯಲಿ, ಆದರೆ ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿರಲಿ.